ಅಂಚೆಯಣ್ಣನ ಟ್ರಯಥ್ಲಾನ್

ಈಜು 750 ಮೀಟರ್, ಸೈಕಲ್ 20 ಕಿ.ಮೀ., ಓಟ 5 ಕಿ.ಮೀ. ಒಂದರ ಬೆನ್ನಿಗೊಂದು, ನಡುವೆ ಬಿಡುವಿಲ್ಲ. ಇದು ಸ್ಪ್ರಿಂಟ್ ಟ್ರಯಥ್ಲಾನ್. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಹುಟ್ಟಿದ ಆಟ 2000ರಲ್ಲಿ ಸಿಡ್ನಿ ಒಲಿಂಪಿಕ್ಸ್ ಸೇರಿತು. ಹೈದರಾಬಾದ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನೂ ರಾಯಚೂರು ಕಡೆಯ ಗೆಳೆಯನೂ ಈ ಚಳಿಗಾಲದಲ್ಲಿ ಮೊದಲ ಬಾರಿ ಇದನ್ನು ಮುಗಿಸಿದೆವು, ತೀರಿಕೊಂಡ ಅವನ ತಂದೆಯ ನೆನಪಿಗೆ.

ಅವರು ಅಂಚೆಯಣ್ಣ. ಟಪಾಲು ಚೀಲ ಹೊತ್ತು ಸೈಕಲ್ಲಿನಲ್ಲಿ ಕೃಷ್ಣೆಯ ದಂಡೆಗೆ, ಹರಿಗೋಲಿನಲ್ಲಿ ನಡುಗಡ್ಡೆಗೆ, ಅಲ್ಲಿಂದ ಕಾಲ್ನಡಿಗೆ. ‘ನಮ್ಮಪ್ಪ ಮೂವತ್ತು ವರ್ಷ ದಿನಾ ಟ್ರಯಥ್ಲಾನ್ ಮಾಡ್ಯಾನ, ಪದಕ ಯಾರೂ ಕೊಡಲಿಲ್ಲ’ ಅಂದ ಗೆಳೆಯ. ಅವನಿಗೋ ನೀರೆಂದರೆ ಭಯ. ಹೊಳೆ ತುಂಬಿದ ದಿನಗಳಲ್ಲಿ ದಂಡೆಯ ಮೇಲೆ ಕೂತು ಅಪ್ಪನ ದಾರಿ ಕಾದ ಹುಡುಗ ಅವನು.

ಆರು ತಿಂಗಳು ಬೆಳಗಿನ ಐದೂವರೆಗೆ ಈಜುಕೊಳ. ಭಾನುವಾರ ಔಟರ್ ರಿಂಗ್ ರಸ್ತೆ ಪಕ್ಕ 2023ರಲ್ಲಿ ತೆರೆದ, ಸೌರ ಫಲಕಗಳ ಚಾವಣಿಯ 23 ಕಿ.ಮೀ. ಸೈಕಲ್ ಹಾದಿ. ಸೈಕಲ್ ಇಳಿದ ಕೂಡಲೇ ಸ್ವಲ್ಪ ದೂರ ಓಟ. ತುಳಿದು ಮರಗಟ್ಟಿದ ಕಾಲಿಗೆ ಆ ರೂಢಿ ಬೇಕು.

ಸ್ಪರ್ಧೆಯಲ್ಲಿ 50 ಮೀಟರ್ ಕೊಳವನ್ನು 15 ಸಲ ದಾಟಬೇಕಿತ್ತು. ಒಂಬತ್ತನೆಯದಕ್ಕೆ ಅವನು ಗೋಡೆ ಹಿಡಿದು ನಿಂತ. ಉಸಿರು ಸಿಕ್ಕುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ನಿಂತೆ, ಏನೂ ಹೇಳಲಿಲ್ಲ. ಒಂದು ನಿಮಿಷದ ಮೇಲೆ ಗೋಡೆಯನ್ನು ಅವನೇ ಬಿಟ್ಟ.

ಕೊನೆಯ ಗೆರೆಯನ್ನು ಜೊತೆಯಾಗಿಯೇ ದಾಟಿದೆವು. ಪದಕವನ್ನು ಅವನು ಊರಿಗೆ ಒಯ್ದು ಅಪ್ಪನ ಹಳೇ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿದ. ಅವ್ವ ದಿನಾ ಅದನ್ನು ಒರೆಸುತ್ತಾರಂತೆ.