ಸಂತೆಯೋ, ಒಂದೇ ಸರಕೋ?

ಮಾಟುಂಗದ ನಮ್ಮ ನೆರೆಮನೆಯಾಕೆ ಅಂತರ್ಜಾಲದಲ್ಲಿ ಅಂಗಡಿ ಹೂಡಹೊರಟಿದ್ದಾರೆ. ಬಂಡವಾಳ, ಮಗಳ ಮದುವೆಗೆಂದು ಕೂಡಿಟ್ಟ ಹಣ! ಸರಕಿನ ಪಟ್ಟಿಯನ್ನು ನನಗೂ ತೋರಿಸಿದರು: ಉಪ್ಪಿನಕಾಯಿ, ಹಪ್ಪಳ, ಕುಂಕುಮ, ಇಳಕಲ್ ಸೀರೆ. ಸಂತೆಯೇ ಸರಿ.

ನನಗೆ ಫ್ಲಿಪ್‌ಕಾರ್ಟ್ ನೆನಪಾಯಿತು. 2007ರಲ್ಲಿ ಬನ್ಸಲರಿಬ್ಬರು ಬೆಂಗಳೂರಿನಲ್ಲಿ ಅದನ್ನು ತೊಡಗಿದಾಗ ಮಾರಿದ್ದು ಪುಸ್ತಕಗಳನ್ನು ಮಾತ್ರ. ಪುಸ್ತಕ ಕೊಳೆಯದು, ದಾರಿಯಲ್ಲಿ ಒಡೆಯದು. ಹೆಸರು ಗೊತ್ತಿದ್ದರೆ ಮುಟ್ಟಿ ನೋಡಬೇಕಾಗಿಯೂ ಇಲ್ಲ. ಮಿಕ್ಕ ಸರಕೆಲ್ಲ ಬಂದದ್ದು ಆಮೇಲೆ.

ಆಕೆಯ ತವರು ಸಾಗರ. ಬರಿಯ ‘ಉಪ್ಪಿನಕಾಯಿ’ ಎಂದರೆ ಮುಂಬಯಿಯಲ್ಲಿ ಯಾರು ತಿರುಗಿ ನೋಡುತ್ತಾರೆ? ‘ಅಪ್ಪೆಮಿಡಿ’ ಎನ್ನಿ, ಮಲೆನಾಡಿನವರ ಬಾಯಲ್ಲಿ ನೀರೂರುತ್ತದೆ. ಹಾಗೆಂದು ಜೀರಿಗೆ ಪರಿಮಳದ ಮಿಡಿಯೊಂದನ್ನೇ ನೆಚ್ಚಿದರೋ, ಗಿರಾಕಿಗಳೂ ಕಡಮೆ, ಮರಗಳೂ ಕಡಮೆ. ಮಿಡಿ ಸಿಗುವುದೇ ವರ್ಷಕ್ಕೆ ಕೆಲವು ವಾರ. ಅಕಾಲದ ಮಳೆಗೆ ಹೂವು ಉದುರಿತೆಂದರೆ ಅಂಗಡಿ ಖಾಲಿ. ಜೊತೆಗೆ ಕಂಚಿಕಾಯಿ, ಹೇರಳೆಕಾಯಿ ಇರಲಿ, ಅಷ್ಟೇ ಸಾಕು ಎಂದೆ. ಆಹಾರ ಸುರಕ್ಷತೆಯ ನೋಂದಣಿಯೂ ಬೇಕಲ್ಲವೆ, ಅದನ್ನೂ ನೆನಪಿಸಿದೆ.

ಸೀರೆಯನ್ನು ಆಕೆ ಕೂಡಲೇ ಹೊಡೆದುಹಾಕಿದರು. ಕುಂಕುಮವನ್ನು ಬಿಡಲು ಇನ್ನೂ ಮನಸ್ಸಿಲ್ಲ! ಈ ಬೇಸಗೆಗೆ ನೂರು ಭರಣಿ ಮಾತ್ರ ಹಾಕುತ್ತಾರಂತೆ. ಮದುವೆಯ ಹಣದಲ್ಲಿ ಮಿಕ್ಕದ್ದು ಬ್ಯಾಂಕಿನಲ್ಲೇ ಇದೆ.