ತ್ಯಾಜ್ಯದ ಜಿಡ್ಡಿನಿಂದ ಬಯೋಡೀಸೆಲ್

ಬಯೋಡೀಸೆಲ್ ತಯಾರಿಸಲು ಎಣ್ಣೆಬೀಜವೇ ಬೇಕೆಂದಿಲ್ಲ. ಕರಿದು ಉಳಿದ ಎಣ್ಣೆ, ಕಸಾಯಿಖಾನೆಯ ಕೊಬ್ಬು, ಮೀನಿನ ತ್ಯಾಜ್ಯದ ಎಣ್ಣೆ, ಒಳಚರಂಡಿಯಲ್ಲಿ ಗಟ್ಟಿಯಾದ ಜಿಡ್ಡು, ಪಾಚಿ, ಹುಳುಗಳ ಕೊಬ್ಬು ಎಲ್ಲವೂ ಆಗುತ್ತದೆ. ಇವೆಲ್ಲದರ ಮುಖ್ಯ ಘಟಕ ಒಂದೇ: ಗ್ಲಿಸರಿನ್ನಿನ ಬೆನ್ನಿಗೆ ಮೂರು ಮೇದಾಮ್ಲಗಳ ಉದ್ದನೆಯ ಸರಪಳಿಗಳು ಅಂಟಿಕೊಂಡಿರುವ ಟ್ರೈಗ್ಲಿಸರೈಡ್.

ಈ ಅಣು ದೊಡ್ಡದಾದ್ದರಿಂದ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಅದನ್ನು ನೇರವಾಗಿ ಎಂಜಿನ್ನಿಗೆ ಹಾಕಿದರೆ ಇಂಜೆಕ್ಟರ್‌ನಲ್ಲಿ ಸಣ್ಣ ಹನಿಗಳಾಗಿ ಸಿಡಿಯುವುದಿಲ್ಲ. ಅರೆಬರೆ ಉರಿದು ಮಸಿ ಕಟ್ಟುತ್ತದೆ. ಆದ್ದರಿಂದ ಮೂರೂ ಸರಪಳಿಗಳನ್ನು ಬಿಡಿಸಿ, ಒಂದೊಂದಕ್ಕೂ ಮೆಥನಾಲ್ ಜೋಡಿಸಬೇಕು. ಈ ಕ್ರಿಯೆಯ ಹೆಸರು ಟ್ರಾನ್ಸ್‌ಎಸ್ಟರೀಕರಣ. ಮೆಥನಾಲ್ 64.7 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದರಿಂದ ಕಾವನ್ನು ಸುಮಾರು 60 ಡಿಗ್ರಿಯಲ್ಲಿ ಹಿಡಿದಿಡುತ್ತಾರೆ. ಕಾಸ್ಟಿಕ್ ಸೋಡಾದಂಥ ಕ್ಷಾರ ವೇಗವರ್ಧಕವಾಗಿ ಕೆಲಸ ಮಾಡುತ್ತದೆ. 100 ಕಿಲೋ ಕೊಬ್ಬು ಸುಮಾರು 10 ಕಿಲೋ ಮೆಥನಾಲ್ ಜೊತೆ ವರ್ತಿಸಿದರೆ ಹೆಚ್ಚುಕಡಿಮೆ 100 ಕಿಲೋ ಬಯೋಡೀಸೆಲ್, 10 ಕಿಲೋ ಗ್ಲಿಸರಿನ್ ಸಿಗುತ್ತವೆ. ಭಾರವಾದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲಿನ ಇಂಧನವನ್ನು ಬೇರ್ಪಡಿಸಿ, ತೊಳೆದು, ನೀರಿನಂಶ ತೆಗೆಯುತ್ತಾರೆ.

ಶುದ್ಧ ಎಣ್ಣೆಯಾದರೆ ಕೆಲಸ ಇಷ್ಟೇ. ತ್ಯಾಜ್ಯದ ವಿಷಯದಲ್ಲಿ ಕಷ್ಟವೆಲ್ಲ ಇದಕ್ಕಿಂತ ಮೊದಲೇ ಇದೆ. ಬಾಣಲೆಯ ಕಾವಿಗೆ, ತಿಂಡಿಯಿಂದ ಬಿಡುವ ನೀರಿಗೆ ಸಿಕ್ಕು ಟ್ರೈಗ್ಲಿಸರೈಡ್‌ಗಳು ಒಡೆಯುತ್ತವೆ. ಕಳಚಿಕೊಂಡ ಮೇದಾಮ್ಲಗಳು ಎಣ್ಣೆಯಲ್ಲೇ ಉಳಿಯುತ್ತವೆ. ಅವು ಕ್ಷಾರದೊಡನೆ ಸೇರಿದರೆ ಹುಟ್ಟುವುದು ಸಾಬೂನು. ವೇಗವರ್ಧಕ ವ್ಯರ್ಥವಾಗುವುದಲ್ಲದೆ ನೊರೆಗಟ್ಟಿ ಗ್ಲಿಸರಿನ್ನೂ ಬೇರೆಯಾಗುವುದಿಲ್ಲ. ಹಾಗಾಗಿ ಮೊದಲು ಸೋಸಿ, ಕಾಯಿಸಿ ನೀರು ತೆಗೆಯುತ್ತಾರೆ. ಬಿಡಿ ಮೇದಾಮ್ಲ ಸುಮಾರು ಶೇ. 2ನ್ನು ಮೀರಿದ್ದರೆ ಗಂಧಕಾಮ್ಲ ಮತ್ತು ಮೆಥನಾಲ್ ಬಳಸಿ ಆ ಆಮ್ಲವನ್ನೇ ಮೊದಲು ಎಸ್ಟರ್ ಆಗಿಸಿ, ನಂತರ ಕ್ಷಾರದ ಹಂತಕ್ಕೆ ಹೋಗುತ್ತಾರೆ. ಲೈಪೇಸ್ ಕಿಣ್ವ ಬಳಸಿದರೆ ಸಾಬೂನಿನ ಕಾಟವಿಲ್ಲ, ಆದರೆ ಕಿಣ್ವ ದುಬಾರಿ. ಕಚ್ಚಾವಸ್ತು ಅಗ್ಗವಾದಷ್ಟೂ ಶುದ್ಧೀಕರಣದ ಖರ್ಚು ಏರುತ್ತದೆ.

ಬಳಸಿದ ಅಡುಗೆ ಎಣ್ಣೆ ಇವುಗಳಲ್ಲಿ ಸುಲಭದ್ದು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25ನ್ನು ದಾಟಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ನಿಯಮ ಭಾರತದಲ್ಲಿ 2018ರ ಜುಲೈಯಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಹೋಟೆಲುಗಳಿಂದ ಸಂಗ್ರಹಿಸಿ ಬಯೋಡೀಸೆಲ್ ಘಟಕಗಳಿಗೆ ತಲುಪಿಸಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಅದೇ ವರ್ಷದ ಆಗಸ್ಟ್‌ನಲ್ಲಿ 'ರೂಕೋ' ಯೋಜನೆ ಆರಂಭಿಸಿತು.

ಪ್ರಾಣಿಕೊಬ್ಬಿನಲ್ಲಿ, ಅದರಲ್ಲೂ ದನದ ಕೊಬ್ಬಿನಲ್ಲಿ, ಪರ್ಯಾಪ್ತ ಮೇದಾಮ್ಲಗಳು ಹೆಚ್ಚು. ಅದರಿಂದ ಬಂದ ಇಂಧನ ಎಂಜಿನ್ನಿನಲ್ಲಿ ಬೇಗ ಹೊತ್ತಿಕೊಳ್ಳುತ್ತದೆ, ಆದರೆ ಸುಮಾರು 15 ಡಿಗ್ರಿಗೇ ಮಬ್ಬುಗಟ್ಟಲು ಶುರುವಾಗುತ್ತದೆ. ಆದ್ದರಿಂದ ಇದನ್ನು ಡೀಸೆಲ್ ಜೊತೆ ಬೆರೆಸಿ ಬಳಸುವುದೇ ರೂಢಿ. ಅಮೆರಿಕದ ಆಮ್‌ಟ್ರ್ಯಾಕ್ ಸಂಸ್ಥೆ 2010ರಲ್ಲಿ ಒಕ್ಲಹೋಮ ಸಿಟಿ ಮತ್ತು ಫೋರ್ಟ್ ವರ್ತ್ ನಡುವಿನ ರೈಲನ್ನು ದನದ ಕೊಬ್ಬಿನ ಬಯೋಡೀಸೆಲ್ ಶೇ. 20ರಷ್ಟು ಬೆರೆತ ಇಂಧನದಿಂದ ಓಡಿಸಿ ಪರೀಕ್ಷಿಸಿತು.

ಚರಂಡಿಯ ಜಿಡ್ಡು ಅತಿ ಕೊಳಕು. ಅದರಲ್ಲಿ ಬಿಡಿ ಮೇದಾಮ್ಲ ಅರ್ಧಕ್ಕಿಂತ ಹೆಚ್ಚಿರುವುದೂ ಉಂಟು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದ ಒಳಚರಂಡಿಯಲ್ಲಿ 250 ಮೀಟರ್ ಉದ್ದ, ಸುಮಾರು 130 ಟನ್ ತೂಕದ ಜಿಡ್ಡಿನ ಗಡ್ಡೆ ಪತ್ತೆಯಾಯಿತು. ಒಡೆದು ತೆಗೆದ ಅದರ ಕೊಬ್ಬು ಬಯೋಡೀಸೆಲ್ ಆಯಿತು.

ಪಾಚಿಯ ಹಾದಿ ಬೇರೆ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ನಡೆಸಿದ ಸಂಶೋಧನೆಯಲ್ಲಿ 3,000ಕ್ಕೂ ಹೆಚ್ಚು ಪಾಚಿ ತಳಿಗಳನ್ನು ಸಂಗ್ರಹಿಸಲಾಯಿತು. ಕೆಲವು ತಳಿಗಳು ಎಣ್ಣೆಯನ್ನು ಹೇರಳವಾಗಿ ಕೂಡಿಸಿಕೊಂಡರೂ ಅವನ್ನು ಬೆಳೆಸಿ, ನೀರಿನಿಂದ ಬೇರ್ಪಡಿಸುವ ಖರ್ಚು ಪೆಟ್ರೋಲಿಯಂ ಡೀಸೆಲ್‌ಗಿಂತ ಹೆಚ್ಚಾಯಿತು. ಕಪ್ಪು ಸೈನಿಕ ನೊಣದ ಮರಿಹುಳು ಹಸಿಕಸ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಕೊಬ್ಬು ತೆಗೆದ ಮೇಲೆ ಉಳಿಯುವ ಪ್ರೋಟೀನು ಕೋಳಿ, ಮೀನುಗಳಿಗೆ ಆಹಾರ.

ಮೂಲ ಯಾವುದಾದರೂ ಭಾರತದಲ್ಲಿ ಮಾರುವ ಬಯೋಡೀಸೆಲ್ ಐಎಸ್ 15607 ಮಾನದಂಡಕ್ಕೆ ಒಪ್ಪಬೇಕು. ನೀರು, ಗಂಧಕ, ಉಳಿದ ಗ್ಲಿಸರಿನ್ ಎಲ್ಲಕ್ಕೂ ಅದರಲ್ಲಿ ಮಿತಿಯಿದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ವೇಳೆಗೆ ಡೀಸೆಲ್‌ಗೆ ಶೇ. 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ತ್ಯಾಜ್ಯದ ಜಿಡ್ಡು ಅಡುಗೆಮನೆ, ಕಸಾಯಿಖಾನೆಗಳು ಬಿಟ್ಟಷ್ಟೇ ಸಿಗುವುದು. ಬೇಡಿಕೆ ಏರಿತೆಂದು ಅದನ್ನು ಬೆಳೆಯಲಾಗದು. ಡೀಸೆಲ್‌ನ ಜಾಗವನ್ನು ಪೂರ್ತಿ ತುಂಬುವ ಶಕ್ತಿ ಅದಕ್ಕಿಲ್ಲ. ಆದರೆ ಅದಕ್ಕಾಗಿ ಹೊಸದಾಗಿ ಹೊಲ, ನೀರು, ಗೊಬ್ಬರ ಬೇಕಾಗುವುದಿಲ್ಲ. ಮೋರಿ ಕಟ್ಟಿಕೊಳ್ಳುವುದೂ, ಹಳೆಯ ಎಣ್ಣೆ ಮತ್ತೆ ಬಾಣಲೆಗೆ ಬೀಳುವುದೂ ತಪ್ಪುತ್ತದೆ.