ಪ್ಲಾಸ್ಟಿಕ್ಕಿನಲ್ಲಿ ನೆಲೆನಿಂತ ವಿದ್ಯುತ್ತು

ಎನ್95 ಮಾಸ್ಕನ್ನು ಸೋಪುನೀರಿನಲ್ಲಿ ತೊಳೆಯಬೇಡಿ, ಸ್ಪಿರಿಟ್ ಸಿಂಪಡಿಸಲೂಬೇಡಿ. ಒಣಗಿದ ಮೇಲೆ ಅದು ಹೊಸದರ ಹಾಗೇ ಕಾಣುತ್ತದೆ, ಉಸಿರಾಟವೂ ಮೊದಲಿನಷ್ಟೇ ಸಲೀಸು. ಆದರೆ ಸೂಕ್ಷ್ಮ ಕಣಗಳನ್ನು ಹಿಡಿಯುವ ಕಸುವು ಬಹಳಷ್ಟು ಹೋಗಿರುತ್ತದೆ. ಮತ್ತೆ ಬಳಸಲೇಬೇಕಾದರೆ ಕಾಗದದ ಚೀಲದಲ್ಲಿ ಕೆಲವು ದಿನ ಹಾಗೇ ಬಿಟ್ಟು ಬಳಸುವುದು ಮೇಲು.

ಮಾಸ್ಕನ್ನು ಕತ್ತರಿಸಿ ನೋಡಿದರೆ ನಡುವೆ ಬಿಳಿಯ, ಮೆತ್ತನೆಯ ಪದರ ಸಿಗುತ್ತದೆ. ಅದು ಪಾಲಿಪ್ರೊಪಿಲೀನ್. ಕರಗಿದ ಪ್ಲಾಸ್ಟಿಕ್ಕನ್ನು ಸಣ್ಣ ರಂಧ್ರಗಳಿಂದ ಹೊರಬಿಟ್ಟು, ಬಿಸಿಗಾಳಿಯ ರಭಸಕ್ಕೆ ಒಡ್ಡಿ ಕೆಲವೇ ಮೈಕ್ರಾನ್ ದಪ್ಪದ ಎಳೆಗಳಾಗಿಸಿರುತ್ತಾರೆ. ಎಳೆಗಳ ನಡುವಿನ ಸಂದುಗಳು ದೊಡ್ಡವೇ. ಜರಡಿಯ ಹಾಗೆ ಸೋಸಲು ಆಗದು. ದೊಡ್ಡ ಕಣಗಳು ಗಾಳಿ ತಿರುಗಿದೆಡೆ ತಾವು ತಿರುಗಲಾರದೆ ಎಳೆಗೆ ಬಡಿಯುತ್ತವೆ. ತೀರಾ ಚಿಕ್ಕವು ಅತ್ತಿತ್ತ ಅಲೆದಾಡುತ್ತಾ ಅಂಟಿಕೊಳ್ಳುತ್ತವೆ. 0.3 ಮೈಕ್ರಾನಿನ ಆಸುಪಾಸಿನವು ಎರಡಕ್ಕೂ ಸಿಗದೆ ನುಸುಳಿಬಿಡುತ್ತವೆ. ಅವನ್ನು ಹಿಡಿಯುವುದೇ ಎಳೆಯಲ್ಲಿ ಕೂಡಿಟ್ಟ ವಿದ್ಯುದಾವೇಶ. ಕಣದಲ್ಲಿ ಆವೇಶವಿಲ್ಲದಿದ್ದರೂ ಅಡ್ಡಿಯಿಲ್ಲ; ಎಳೆಯ ಸುತ್ತಲಿನ ಕ್ಷೇತ್ರ ಅದರೊಳಗಿನ ಧನ-ಋಣಗಳನ್ನು ಕೊಂಚ ಬೇರ್ಪಡಿಸಿ ತನ್ನತ್ತ ಎಳೆಯುತ್ತದೆ.

ಆವೇಶ ತುಂಬುವುದು ಹೀಗೆ: ಸಾವಿರಾರು ವೋಲ್ಟಿನ ತೆಳು ತಂತಿಯ ಬಳಿ ಪದರವನ್ನು ಹಾಯಿಸುತ್ತಾರೆ. ಸುತ್ತಲ ಗಾಳಿ ಅಯಾನುಗಳಾಗಿ ಒಡೆದು ಎಳೆಗಳ ಮೇಲೆ ಕೂರುತ್ತದೆ. ಪಾಲಿಪ್ರೊಪಿಲೀನಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ, ನೀರನ್ನೂ ಅದು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಸಿಕ್ಕಿಬಿದ್ದ ಆವೇಶ ವರ್ಷಗಟ್ಟಲೆ ಉಳಿಯುತ್ತದೆ. ಸೋಪುನೀರು ಇಲ್ಲವೇ ಸ್ಪಿರಿಟ್ಟು ಎಳೆಯನ್ನು ನೆನೆಸಿದಾಗ ಆ ಹಿಡಿತ ಸಡಿಲವಾಗುತ್ತದೆ. ಆವೇಶ ತುಂಬುವ ಈ ವಿಧಾನವನ್ನು 1990ರ ದಶಕದಲ್ಲಿ ಹದಕ್ಕೆ ತಂದವರು ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ಪೀಟರ್ ತ್ಸಾಯ್. ನಿವೃತ್ತರಾಗಿದ್ದ ಅವರು 2020ರಲ್ಲಿ ಮಾಸ್ಕಿಗೆ ಬರ ಬಂದಾಗ, ಆವೇಶ ಕೆಡದಂತೆ ಮರುಬಳಸುವ ದಾರಿ ಹುಡುಕಲು ಮತ್ತೆ ಕೆಲಸಕ್ಕೆ ಕುಳಿತರು.

ಹೀಗೆ ಆವೇಶವನ್ನು ಹಿಡಿದಿಟ್ಟುಕೊಳ್ಳುವ ವಸ್ತುವಿಗೆ ಎಲೆಕ್ಟ್ರೆಟ್ ಎನ್ನುತ್ತಾರೆ. ಜಪಾನಿನ ಮೊಟೊಟಾರೊ ಎಗುಚಿ 1919ರ ಸುಮಾರಿಗೆ ಮೇಣ-ರಾಳಗಳನ್ನು ಕರಗಿಸಿ, ವಿದ್ಯುತ್ ಕ್ಷೇತ್ರದಲ್ಲೇ ಆರಲು ಬಿಟ್ಟು ಇದನ್ನು ಮಾಡಿ ತೋರಿಸಿದ್ದರು. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಗೆರ್ಹಾರ್ಡ್ ಸೆಸ್ಲರ್, ಜೇಮ್ಸ್ ವೆಸ್ಟ್ ಆವೇಶ ತುಂಬಿದ ತೆಳು ಪ್ಲಾಸ್ಟಿಕ್ ಹಾಳೆಯಿಂದ ಮೈಕ್ ಕಟ್ಟಿದರು. ದನಿಗೆ ಹಾಳೆ ಅದುರಿದರೆ ಹಿಂದಿನ ಲೋಹದ ತಟ್ಟೆಯಲ್ಲಿ ವೋಲ್ಟೇಜು ಏರಿಳಿಯುತ್ತದೆ. ಹಳೆಯ ಕಂಡೆನ್ಸರ್ ಮೈಕಿಗೆ ಹೊರಗಿನಿಂದ ಕೊಡಬೇಕಿದ್ದ ಹೆಚ್ಚಿನ ವೋಲ್ಟೇಜು ಇದಕ್ಕೆ ಬೇಡ. ಒಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಒಂದೆರಡು ವೋಲ್ಟ್ ಸಾಕು.

ಕಾಲರ್ ಮೈಕ್ ಬಿಚ್ಚಿದರೆ ಕಾಣುವ, ಮುಖಕ್ಕೆ ಕರಿ ಬಟ್ಟೆ ಅಂಟಿಸಿದ ಪುಟ್ಟ ಲೋಹದ ಡಬ್ಬಿ ಈ ಎಲೆಕ್ಟ್ರೆಟ್ ಮೈಕೇ. ಹಿಂಬದಿಯ ಎರಡು ತುದಿಗಳಲ್ಲಿ ಡಬ್ಬಿಯ ಮೈಗೆ ಕೂಡಿಕೊಂಡದ್ದು ನೆಗೆಟಿವ್. ಬೆಸುಗೆ ಹಾಕುವಾಗ ಕಾವು ಹೆಚ್ಚು ಹೊತ್ತು ತಾಗಿದರೆ ಹಾಳೆಯ ಆವೇಶ ಸೋರಿ ಮೈಕ್ ಮಂದವಾಗುತ್ತದೆ; ಎರಡು-ಮೂರು ಸೆಕೆಂಡಿನಲ್ಲಿ ಮುಗಿಸಬೇಕು.